ಮಿಷನ್ನಿನ ಅಂಗಳದ ರಾಗಿ ಪೈರು

ಇಲ್ಲಿನ ಜನರನ್ನು ಕ್ರೈಸ್ತರನ್ನಾಗಿಸಲು ಸ್ಪ್ಯಾನಿಷ್ ಪಾದ್ರಿಗಳು ಇನ್ನೂರು ವರ್ಷದ ಹಿಂದೆ ಕಟ್ಟಿಸಿದ ಮಿಷನ್ನಿನ ಮಾದರಿ ಮಾಡಿ ತರಬೇಕೆಂದು ಮಗಳ ನಾಲ್ಕನೇ ಕ್ಲಾಸಿನಿಂದ ಚೀಟಿ ಬಂದಾಗ ನನಗೆ ಹುರುಪೋ ಹುರುಪು. ಮೈಸೂರಿನವಳು ನಾನು; ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲೂ ಪ್ರತಿ ದಸರೆಗೆ ಗೊಂಬೆ ಕೂರಿಸುತ್ತೇನೆ. ಮಗಳನ್ನು ಪಕ್ಕಕ್ಕೆ ಸರಿಸಿ ನಾನೇ ಕೂತೆ. ಥರ್ಮೋಕೋಲಿನ ಚರ್ಚು, ಸುತ್ತ ಗೋಡೆ. ಗೊಂಬೆ ಪಾರ್ಕಿಗೆ ಮಾಡುವ ಹಾಗೆ ಅಂಗಳಕ್ಕೆ ಮಣ್ಣು ಹರಡಿ ರಾಗಿ ಚೆಲ್ಲಿದೆ. ವಾರದೊಳಗೆ ಹಸಿರೋ ಹಸಿರು! ಬಾಗಿಲಲ್ಲಿ ಪಾದ್ರಿ, ಎದುರಿಗೆ ಈ ನೆಲದ ಮೂಲ ಜನರಾದ ಓಲೋನಿಗಳ ಸಾಲು. ಎಲ್ಲ ನನ್ನ ಪೆಟ್ಟಿಗೆಯ ಗೊಂಬೆಗಳೇ. ಸಾಲಿನ ಮುಂದೆ ಬುಟ್ಟಿ ಹೊತ್ತ ಹೆಂಗಸು.

ಮಗಳು ನೋಡಿ ಮುಖ ಸಿಂಡರಿಸಿದಳು.

"ಅಮ್ಮಾ, ದಿಸ್ ಈಸ್ ರಾಂಗ್. ಓಲೋನಿಗಳನ್ನ ಹೊರಗೆ ಹೋಗೋಕೇ ಬಿಡ್ತಿರ್ಲಿಲ್ಲ. ಓಡಿಹೋದ್ರೆ ಸೋಲ್ಜರ್ಸ್ ಹಿಡ್ಕೊಂಡ್ ಬಂದು ಹೊಡೀತಿದ್ರು. ಸತ್ತೋರನ್ನ ಅಲ್ಲೇ ಹೂತಿದಾರೆ, ನೀನು ಗ್ರಾಸ್ ಹಾಕಿದೀಯಲ್ಲ, ಅಲ್ಲೇ."

"ಸ್ಮಶಾನ ಯಾರಾದ್ರೂ ತೋರಿಸ್ತಾರೇನೇ? ನೋಡೋಕೆ ಲಕ್ಷಣವಾಗಿದ್ರೆ ಸಾಕು, ಸುಮ್ನಿರು," ಎಂದು ಗದರಿದೆ. ಅವಳ ಕಣ್ಣಲ್ಲಿ ನೀರಾಡಿತು. ನಾನು ಗಮನಿಸದವಳಂತೆ ಗೋಡೆಗೆ ಬಣ್ಣ ಬಳಿದೆ.

ಪ್ರದರ್ಶನದ ದಿನ ಕಾರು ನಿಲ್ಲಿಸಿ ಬರುವಷ್ಟರಲ್ಲಿ ಮಗಳು ಅರ್ಧ ಅಂಗಳದ ಪೈರು ಕಿತ್ತುಹಾಕಿದ್ದಳು. ಬುಟ್ಟಿಯ ಹೆಂಗಸು ಗೋಡೆಯಾಚೆ, ಚರ್ಚಿಗೆ ಬೆನ್ನು ಹಾಕಿ ನಿಂತಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ಶಾಲೆಯವರು ಅತಿಥಿಯಾಗಿ ಕರೆಸಿದ್ದ ಓಲೋನಿ ಅಜ್ಜಿಯೊಬ್ಬರು, ಚೆಂದದ ಚರ್ಚುಗಳನ್ನೆಲ್ಲ ನಿಲ್ಲದೆ ದಾಟಿ, ನಮ್ಮ ಮೇಜಿನ ಮುಂದೆ ನಿಂತರು.

ಬೋಳು ಮಣ್ಣು ತೋರಿಸಿ, "ಇದೇನು ಮಗಳೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಸಮಾಧಿಗಳು. ಆಗ ಯಾರೂ ಹೆಸರು ಹಾಕಲಿಲ್ಲ, ಅದಕ್ಕೇ ನಾನೂ ಹಾಕಿಲ್ಲ."

"ಮತ್ತೆ ಈಕೆ?"

"ಓಡಿಹೋಗ್ತಿದಾಳೆ. ಅವರ ಕೈಗೆ ಸಿಗೋದಿಲ್ಲ."

ಅಜ್ಜಿ ಸಭಾಂಗಣದವರೆಲ್ಲ ತಿರುಗಿ ನೋಡುವಂತೆ ನಕ್ಕರು. "ನನ್ನ ಮುತ್ತಜ್ಜಿಯ ಅಜ್ಜಿಯೂ ಹೀಗೇ ಓಡಿದ್ದಳು. ಸಿಗಲೇ ಇಲ್ಲ! ಅದಕ್ಕೇ ನೋಡು, ನಾನಿಲ್ಲಿ ನಿಂತಿದ್ದೇನೆ." ಗೊಂಬೆಯನ್ನು ಎತ್ತಿ, ಮೇಜಿನ ತುದಿಯಲ್ಲಿ, ಬೆಟ್ಟ ಕಾಣುವ ಕಿಟಕಿಯ ಕಡೆ ಮುಖ ಮಾಡಿಸಿ ಇಟ್ಟರು.

ನನ್ನ ಮಗಳ ಮುಖ ನೋಡಬೇಕಿತ್ತು ನೀವು! ನಾನು ಪಾದ್ರಿಯ ಮುಂದೆ ನಿಲ್ಲಿಸಿದವಳನ್ನು ಈ ಒಂಬತ್ತು ವರ್ಷದ ಪೋರಿ ಬಿಡಿಸಿದ್ದಳು. ನಾಚಿಕೆಯಾಯಿತು, ಅದಕ್ಕಿಂತ ಹೆಮ್ಮೆಯಾಯಿತು.

"ಸ್ವಲ್ಪ ಪಕ್ಕಕ್ಕೆ ಸರಿ ಕಣೇ," ಎಂದು ಅಂಗಿಯ ತೋಳು ಮಡಚಿ, ಉಳಿದರ್ಧ ಪೈರನ್ನು ನಾನೇ ಬುಡಸಮೇತ ಕಿತ್ತೆ.