ಹೆಸರಿಲ್ಲದೆ ಹಾಕಿಸಿದ ಬೀಗ

ಗಿರಿಜಾ, ಆ ಕಂಪ್ಯೂಟರಿಗೆ ಬೀಗ ಹಾಕಿಸಿದವಳು ನಾನು. ವೈರಸ್ ಅಲ್ಲ, ನಿನ್ನ ಕೈತಪ್ಪೂ ಅಲ್ಲ — ನಾನು.

ರಾಣೆಬೆನ್ನೂರಿನ ನಮ್ಮ ಬೀಜದ ಕಚೇರಿಗೆ ಕಂಪ್ಯೂಟರ್ ಬರುವ ಮೊದಲು ಎಲ್ಲರೂ ನನ್ನ ಮೇಜಿಗೇ ಬರುತ್ತಿದ್ದರು. ಯಾವ ಚೀಲ ಯಾವತ್ತು ಬಂತು, ಯಾವ ಬೀಜ ಎಷ್ಟು ಮೊಳೆಯಿತು — ಎಲ್ಲ ನನ್ನ ರಿಜಿಸ್ಟರಿನಲ್ಲಿರುತ್ತಿತ್ತು. ಆಮೇಲೆ ಕಂಪ್ಯೂಟರ್ ಕಲಿತ ನೀನು ಬ್ಯಾಡಗಿಯಿಂದ ದಿನಾ ಬಸ್ಸಿನಲ್ಲಿ ಬರತೊಡಗಿದೆ. ಜನ ನಿನ್ನ ಕುರ್ಚಿಯ ಸುತ್ತ ನಿಂತರು. ಊಟದ ಹೊತ್ತಿನಲ್ಲಿ ನೀನು ಎಲ್ಲರಿಗೂ ಹಾಡು ಇಳಿಸಿಕೊಡುತ್ತಿದ್ದೆ. ಒಮ್ಮೆ ಕಚೇರಿಯ ಸಿಪಾಯಿ ಬಸಪ್ಪ, "ಶಾರದಕ್ಕಾ, ನಿಮ್ಮ ರಜಿಸ್ಟರ್ ಇನ್ನ ಇಲಿಗೋಳಿಗೆ ಓದಾಕ ಕೊಡ್ರಿ" ಎಂದ. ಎಲ್ಲರೂ ನಕ್ಕರು. ನೀನೂ ನಕ್ಕೆ — ಅಷ್ಟೇ.

ಅಷ್ಟಕ್ಕೇ ನಾನು ಹುಬ್ಬಳ್ಳಿಯ ದೊಡ್ಡ ಕಚೇರಿಗೆ ಪತ್ರ ಬರೆದೆ. ಕೆಲಸದ ವೇಳೆ ಹಾಳಾಗುತ್ತಿದೆ, ಇಂಟರ್‌ನೆಟ್‌ನಿಂದ ಏನನ್ನೂ ಇಳಿಸಿಕೊಳ್ಳಲು ಬಾರದಂತೆ ಮಾಡಿ ಎಂದು. ಕೆಳಗೆ ಹೆಸರು ಹಾಕದೆ 'ಕಚೇರಿಯ ಸಿಬ್ಬಂದಿ' ಎಂದಷ್ಟೇ ಬರೆದೆ. ಹದಿನೈದು ದಿನ ಏನೂ ಆಗಲಿಲ್ಲ. ನಾನು ಮರೆತೇ ಬಿಟ್ಟಿದ್ದೆ — ಇಲ್ಲ, ಮರೆತಿರಲಿಲ್ಲ.

ಆ ದಿನ ನಿನ್ನ ಸರ್ಕಾರಿ ನೌಕರಿಯ ಅರ್ಜಿಗೆ ಕಡೆಯ ದಿನ. ಬೇಕಿದ್ದ ಪ್ರಮಾಣಪತ್ರ ಹಿಂದಿನ ಸಂಜೆಯಷ್ಟೇ ಕೈಸೇರಿತ್ತು. ಅರ್ಜಿಯ ಫೈಲ್ ಇಳಿಸಿಕೊಂಡು, ತುಂಬಿ, ಐದು ಗಂಟೆಯೊಳಗೆ ಕಳಿಸಬೇಕು. ಮುಂದಿನ ವರ್ಷಕ್ಕೆ ನಿನಗೆ ವಯಸ್ಸು ಮೀರುತ್ತಿತ್ತು. ಊರಿಗೆಲ್ಲ ಕರೆಂಟಿಲ್ಲದೆ ನೆಟ್ ಸೆಂಟರುಗಳು ಮುಚ್ಚಿದ್ದವು. ಬೀಜದ ತಂಪುಕೋಣೆಗೆಂದು ನಮ್ಮಲ್ಲಿ ಮಾತ್ರ ಜನರೇಟರ್ ಓಡುತ್ತಿತ್ತು.

ನೀನು ಫೈಲಿನ ಮೇಲೆ ಒತ್ತಿದೆ. ಈ ಫೈಲ್ ಇಳಿಸಲು ಅನುಮತಿಯಿಲ್ಲ ಎಂದು ಬಂತು. ಬ್ರೌಸರ್ ಮುಚ್ಚಿ ತೆರೆದೆ, ಮಷೀನನ್ನೇ ಆರಿಸಿ ಹಚ್ಚಿದೆ, ವೈರಸ್ ಹುಡುಕಿಸಿದೆ. ಸೆಟ್ಟಿಂಗ್ ತೆರೆದರೆ ಅಲ್ಲಿನ ಆಯ್ಕೆಗಳೆಲ್ಲ ಬೂದಿಬಣ್ಣಕ್ಕೆ ತಿರುಗಿ, ಎಷ್ಟು ಒತ್ತಿದರೂ ಅಲುಗದೆ ಕುಳಿತಿದ್ದವು. ಅಡ್ಮಿನಿಸ್ಟ್ರೇಟರನ್ನು ಕೇಳಿ ಎಂದಿತ್ತು ಕೆಳಗೆ.

"ಶಾರದಕ್ಕಾ, ಈ ಅಡ್ಮಿನಿಸ್ಟ್ರೇಟರ್ ಅಂದ್ರ ಯಾರ್ರಿ?"

"ಇದರಾಗ ನನಗೇನ್ ತಿಳೀತೈತವ್ವಾ" ಎಂದೆ.

ನೀನು ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ಅಲ್ಲಿನ ಕಂಪ್ಯೂಟರಿನವನ ದನಿ ನನ್ನ ಮೇಜಿನವರೆಗೂ ಕೇಳುತ್ತಿತ್ತು. "ನಿಮ್ಮ ಆಫೀಸಿಂದನ ಪತ್ರ ಬಂದೈತ್ರಿ. ಸಾಹೇಬ್ರು ಬಂದ್ ಮಾಡಂತ ಹೇಳ್ಯಾರ, ನನಗ ಹಂಗ ತಗಿಯಾಕ ಬರೂದಿಲ್ಲ. ಬರದವ್ರ ಕೈಯಾಗ ಫೋನ್ ಕೊಡ್ರಿ, ಹತ್ತ ನಿಮಿಷದಾಗ ತಗದ ಬಿಡ್ತೇನಿ."

ನೀನು ರಿಸೀವರಿಗೆ ಅಂಗೈ ಮುಚ್ಚಿ ನಮ್ಮೆಲ್ಲರನ್ನೂ ನೋಡಿದೆ. "ಯಾರ್ರಿ ಬರದದ್ದು? ನನಗ ಸಿಟ್ಟಿಲ್ಲ. ಬಂದ ಒಂದ ಮಾತ ಹೇಳ್ರಿ, ಸಾಕು."

ನಾನು ಒದ್ದೆ ಕಾಗದದ ಮೇಲಿನ ಮೆಣಸಿನ ಬೀಜದ ಮೊಳಕೆ ಎಣಿಸುತ್ತಿದ್ದೆ. ನಲವತ್ತರ ಹತ್ತಿರ ತಪ್ಪಿತು. ಮತ್ತೆ ಒಂದರಿಂದ ಹಿಡಿದೆ. ನಿನ್ನ ಮೇಜು ನಾಲ್ಕು ಹೆಜ್ಜೆ ದೂರ — ಏಳಬೇಕೆಂದುಕೊಂಡೆ, ಎಲ್ಲರೆದುರು ಎದ್ದರೆ... ಮುಂದಿನ ಮೊಳಕೆ ಎಣಿಸಿದೆ. ನೀನು ಫೋನಿಟ್ಟೆ. ಬ್ಯಾಗು ತೆಗೆದುಕೊಂಡು ಮೂರೂವರೆಯ ಹಾವೇರಿ ಬಸ್ಸಿಗೆ ಓಡಿದೆ. ಅಲ್ಲಿನ ನೆಟ್ ಸೆಂಟರಿನಲ್ಲಿ ನಿನ್ನ ಸರದಿ ಬರುವಷ್ಟರಲ್ಲಿ ಐದು ದಾಟಿತ್ತಂತೆ.

ಮರುದಿನ ನೀನು ಎಂದಿನ ಬಸ್ಸಿಗೇ ಬಂದೆ. ನನ್ನ ಮುಖ ಏನು ಹೇಳುತ್ತಿತ್ತೋ, ನೀನೇ ನನ್ನನ್ನು ಸಮಾಧಾನ ಮಾಡಿದೆ. "ಹೋಗ್ಲಿ ಬಿಡ್ರಿ ಅಕ್ಕಾ. ನನಗೆಷ್ಟ ವಯಸ್ಸಂತ ಕಂಪ್ಯೂಟರಿಗೇನ್ ಗೊತ್ತು?" ಮಧ್ಯಾಹ್ನ ನಿನ್ನ ಡಬ್ಬಿಯ ಅರ್ಧ ರೊಟ್ಟಿ ಮುರಿದು ನನಗೆ ಕೊಟ್ಟೆ. ನಾನು ತಿಂದೆ.

ನೀನು ಹಾವೇರಿಗೆ ಓಡಿದ ದಿನದ ರಿಜಿಸ್ಟರಿನಲ್ಲಿ ಮೊಳಕೆಯ ಸಂಖ್ಯೆ ಊಹೆಯದು. ಎಣಿಸಿ ಮುಗಿಸಲಾಗಿರಲಿಲ್ಲ. ಆ ಹತ್ತು ನಿಮಿಷವನ್ನು ಈಗ ಯಾರಿಗೆ ಫೋನ್ ಹಚ್ಚಿ ಕೇಳಲಿ? ಕ್ಷಮಿಸು ಎನ್ನಲೂ ನನಗೆ — ಬೇಡ. ಆ ಪತ್ರದ ಕೆಳಗೆ ಬರೆಯದೆ ಬಿಟ್ಟದ್ದನ್ನು ಇದರ ಕೆಳಗೆ ಬರೆಯುತ್ತಿದ್ದೇನೆ.

ಶಾರದಾ