ಮಹಡಿಗಿಂತ ಮೊದಲು ಬಂದ ಮೆಟ್ಟಿಲು

ಹಳೇ ಮನೆ ಕೆಡವೋಳು ಅಂತ ಯಾರಾದರೂ ಅಂದರೆ ಅವಳ ಮುಖ ಗಂಟಿಕ್ಕುತ್ತಿತ್ತು. "ಕೆಡವೋಕೆ ಯಂತ್ರ ಸಾಕು. ನಾನು ಬಿಚ್ಚೋಳು," ಎನ್ನುವಳು. ಮೊದಲು ಹೆಂಚು, ಆಮೇಲೆ ತೊಲೆ, ಕಿಟಕಿ, ಬಾಗಿಲು, ಕಡೆಗೆ ಇಟ್ಟಿಗೆ. ಬಿಚ್ಚಿದ್ದೆಲ್ಲ ಇನ್ಯಾರದೋ ಹೊಸ ಮನೆ ಸೇರುತ್ತಿತ್ತು. ಗಂಡ, ಮೈದುನ ಇಬ್ಬರೂ ಅವಳ ಕೈಕೆಳಗಿನ ಆಳುಗಳು.

ಒಂದು ದಿನ ಮುದಿ ವೈದ್ಯರೊಬ್ಬರ ಮನೆ ಬಿಚ್ಚುವಾಗ ಸುರುಳಿ ಮೆಟ್ಟಿಲೊಂದು ಸಿಕ್ಕಿತು. ಅಪ್ಪಟ ತೇಗ, ಒಂದು ಮೊಳೆಯಿಲ್ಲ. ಅವಳು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು.

"ತಲೆ ತಿರುಗುತ್ತೆ ಕಣೇ," ಅಂದ ಗಂಡ.

"ತಿರುಗಲಿ. ಇದು ನಮ್ಮನೆಗೆ."

"ನಮ್ಮನೆಗೆ ಮಹಡಿನೇ ಇಲ್ವಲ್ಲ."

"ಮೆಟ್ಟಿಲು ಬರಲಿ, ಮಹಡಿ ತಾನಾಗೇ ಬರುತ್ತೆ."

ಬಿಚ್ಚಿದರೆ ಮತ್ತೆ ಕೂಡೀತೋ ಇಲ್ಲವೋ ಎಂದು ಇಡಿಯಾಗಿಯೇ ಲಾರಿಗೇರಿಸಿ, ನೆಟ್ಟಗೆ ನಿಲ್ಲಿಸಿ ಕಟ್ಟಿದರು. ದಾರಿಗೆ ಅಡ್ಡ ಬರುವ ಕರೆಂಟಿನ ತಂತಿಗಳನ್ನು ಒಣ ಬಿದಿರಿನಿಂದ ಎತ್ತಲು ಅವಳೇ ತುದಿಮೆಟ್ಟಿಲೇರಿದಳು. ಲಾರಿ ಹೊರಟಿತು. ಮಹಡಿಗಳ ಕಿಟಕಿಗಳೆಲ್ಲ ಅವಳ ಮೂಗಿನ ನೇರಕ್ಕೆ ಬಂದವು. ಮಹಡಿಯಲ್ಲಿ ಒಣಹಾಕಿದ್ದ ಯಾರದೋ ಹೊದಿಕೆ ಹಗ್ಗದಿಂದ ಕಿತ್ತುಕೊಂಡು ಅವಳ ಹೆಗಲೇರಿತು. ಚಹಾ ಕುಡಿಯುತ್ತ ನಿಂತಿದ್ದ ದರ್ಜಿಯೊಬ್ಬ ಮಹಡಿಯ ಕಿಟಕಿಯಿಂದ ಕೇಳಿದ, "ಎಲ್ಲಿಗಮ್ಮ ಸವಾರಿ?"

"ಮೇಲಕ್ಕೆ ಹೋಗ್ತಿದೀನಿ."

"ಬಿಡ್ತು ಅನ್ನೇ," ಎಂದು ಕೆಳಗಿನಿಂದ ಗಂಡ ಕೂಗಿದ. ಅವಳಿಗೆ ನಗು ಉಕ್ಕಿ ಬಿದಿರೇ ಕೈಜಾರುವುದರಲ್ಲಿತ್ತು.

ಮನೆ ಮುಂದೆ ಬಂದಾಗ ಮೆಟ್ಟಿಲು ಬಾಗಿಲಲ್ಲಿ ತೂರಲಿಲ್ಲ. ಮೂವರೂ ಮುಖ ಮುಖ ನೋಡಿಕೊಂಡರು. ಮರುಗಳಿಗೆ ಏಣಿ ಹಾಕಿ ತಮ್ಮದೇ ಹೆಂಚು ತೆಗೆಯತೊಡಗಿದರು. ಒಳಗೆ ಬೇಳೆ ಆರಿಸುತ್ತಿದ್ದ ಅತ್ತೆಯ ಮೇಲೆ ಬಿಸಿಲು ಬಿತ್ತು.

"ಊರ ಮನೆಗಳೆಲ್ಲ ಮುಗಿದುವಾ? ನಮ್ಮದಕ್ಕೇ ಕೈ ಹಾಕಿದ್ರಲ್ಲ."

"ಸ್ವಲ್ಪ ಸರಿದು ಕೂತ್ಕೊಳಿ ಅತ್ತೆ, ಮೆಟ್ಟಿಲು ಬರ್ತಿದೆ."

ಅಕ್ಕಪಕ್ಕದವರೂ ಹಗ್ಗಕ್ಕೆ ಕೈ ಕೊಟ್ಟರು. ಮೆಟ್ಟಿಲು ಮೆಲ್ಲಗೆ ಮಾಡಿನಿಂದಿಳಿದು ನಡುಮನೆಯಲ್ಲಿ ನಿಂತಿತು. ಬುಡ ಭದ್ರ ಮಾಡಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರೆ, ಮಂಡಿನೋವೆಂದು ಹೊಸಿಲು ದಾಟದ ಅತ್ತೆ ಸೀರೆ ಎತ್ತಿ ಕಟ್ಟಿ ಹತ್ತಿಯೇಬಿಟ್ಟರು. ಮಾಡಿನ ತೂತಿನಿಂದ ಅವರ ತಲೆ ಹೊರಬಂತು.

"ನಮ್ಮ ಓಣಿ ಇಷ್ಟು ಸೊಟ್ಟಗಿದೆಯಾ?" ಎಂದು ನಕ್ಕರು. ಆ ನಗು ಸೊಸೆಗೆ ತಗುಲಿತು, ಅಲ್ಲಿಂದ ಗಂಡನಿಗೆ, ಮೈದುನನಿಗೆ. ಹಗ್ಗ ಹಿಡಿದವರೂ ಹೊಟ್ಟೆ ಹಿಡಿದುಕೊಂಡರು.

ಆಮೇಲೆ ಮೆಟ್ಟಿಲ ತಲೆಯ ಮೇಲೆ ಒಂದು ಕೋಣೆ ಎದ್ದಿತು. ಅದಕ್ಕೆ ಗೋಡೆಗಿಂತ ಕಿಟಕಿಗಳೇ ಹೆಚ್ಚು, ಒಂದರಂತೆ ಇನ್ನೊಂದಿಲ್ಲ. ಗೃಹಪ್ರವೇಶಕ್ಕೆ ಕಾಯದೆ ಅತ್ತೆ ಹಾಸಿಗೆ ಹೊತ್ತು ಮೇಲೇರಿದರು. ಸೊಸೆಗೆ ಅಲ್ಲಿ ಕೂರಬೇಕೆಂದರೆ ಕೆಳಗಿನಿಂದ ಕೂಗಿ ಅಪ್ಪಣೆ ಪಡೆಯಬೇಕಿತ್ತು.