ಎಡೆಗಿಟ್ಟ ಕಿತ್ತಳೆ ಜ್ಯೂಸ್

ಹೋದ ವಾರ ಅಜ್ಜಂಪುರದಲ್ಲಿ ಭಾವನ ವರ್ಷದ ಎಡೆ. ಹೋಳಿಗೆ, ಕೋಸಂಬರಿ ಎಲ್ಲ ಬಡಿಸಿದ ಮೇಲೆ ಅಕ್ಕ ಫೋಟೋ ಮುಂದೆ ಒಂದು ಲೋಟ ಕಿತ್ತಳೆ ಜ್ಯೂಸ್ ಇಟ್ಟಳು. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗಿಡುವುದು ನಮ್ಮಲ್ಲಿ ರೂಢಿ ತಾನೇ?

“ನಿಮ್ಮ ಭಾವಂಗೆ ಇದಂದ್ರೆ ಪ್ರಾಣ ಕಣೋ. ಅವತ್ತು ನಿಮ್ಮನೇಲಿ ಎರಡು ಲೋಟ ಕುಡುದ್ರಲ್ಲ, ನೆನಪೈತಾ?” ಅಂದಳು.

ನೆನಪಿಲ್ಲದೆ ಏನು?

ನಾಲ್ಕು ವರ್ಷದ ಹಿಂದಿನ ಮಾತು. ಕಡೂರಿನ ನಮ್ಮ ಮನೆಯಲ್ಲಿ ನಾನೊಬ್ಬನೇ. ಹೆಂಡತಿ ತವರಿಗೆ ಹೋಗಿದ್ದಳು. ಮಿಲಿಟರಿಯಲ್ಲಿದ್ದ ಗೆಳೆಯ ಒಂದು ಬಾಟ್ಲಿ ವೋಡ್ಕಾ ಕೊಟ್ಟು, ಸ್ಕ್ರೂಡ್ರೈವರ್ ಮಾಡುವುದನ್ನೂ ಹೇಳಿಕೊಟ್ಟಿದ್ದ. (ಗಾಬರಿಯಾಗಬೇಡಿ, ಅದು ಕಾಕ್‌ಟೇಲ್‌ನ ಹೆಸರು.) ಒಂದು ಪಾಲು ವೋಡ್ಕಾ, ಎರಡು ಪಾಲು ಕಿತ್ತಳೆ ರಸ, ಐಸ್. ಅಷ್ಟೇ! ಸಂತೆಯಿಂದ ಒಂದು ಡಜನ್ ಕಿತ್ತಳೆ ತಂದು ಹಿಂಡಿದೆ. ಟೀ ಸೋಸುವ ಜಾಲರಿಯಲ್ಲಿ ಸೋಸಿದೆ. ವೋಡ್ಕಾ ಬೆರೆಸಿ, ಸೋಡಾ ಅಂಗಡಿಯಿಂದ ತಂದ ಐಸ್ ಒಡೆದು ಹಾಕಿದೆ. ವೋಡ್ಕಾಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲವೆನ್ನಬೇಕು. ಮಠಕ್ಕೆ ನಡೆದುಕೊಳ್ಳುವ ಮನೆತನದವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಸ್ಟೀಲ್ ಜಗ್ಗಿನ ಮೇಲೆ ತಟ್ಟೆ ಮುಚ್ಚುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಅಕ್ಕ, ಭಾವ! ಪಂಚನಹಳ್ಳಿಯಲ್ಲಿ ಮದುವೆ ಮುಗಿಸಿಕೊಂಡು ಬಂದಿದ್ದರು.

ಭಾವ ಕುಡಿತ ಬಿಟ್ಟು ಆಗ ಹನ್ನೊಂದು ತಿಂಗಳು. ಸ್ವಾಮಿಗಳ ಎದುರು, ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದ್ದರು. ಅವರನ್ನು ಮಠಕ್ಕೆ ಎಳೆದುಕೊಂಡು ಹೋದವನು ಯಾರು? ನಾನೇ. ದಾರಿಯುದ್ದಕ್ಕೂ ಬುದ್ಧಿ ಹೇಳಿದವನೂ ನಾನೇ.

ತಮ್ಮನ ಅಡುಗೆಮನೆಗೆ ಅಕ್ಕ ಅಪ್ಪಣೆ ಕೇಳಿ ಹೋಗುತ್ತಾಳೆಯೇ? ನಾನು ಕುರ್ಚಿ ಎಳೆದು ಹಾಕುವಷ್ಟರಲ್ಲಿ ಲೋಟ ಹಿಡಿದು ಬಂದಳು. “ನೋಡ್ರೀ, ಜ್ಯೂಸ್ ಮಾಡಿಟ್ಟವ್ನೆ. ಬಿಸ್ಲಲ್ಲಿ ಬಂದಿದ್ದೀರ, ಕುಡೀರಿ.” (ನೆಗಡಿ ಅಂತ ತಾನು ಮುಟ್ಟಲಿಲ್ಲ.)

“ಬೇಡ ಅಕ್ಕಾ” ಅನ್ನಬಹುದಿತ್ತು. ಎರಡೇ ಮಾತು. ಅಂದಿದ್ದರೆ ನನ್ನ ಮಾನ ಹೋಗುತ್ತಿತ್ತು, ಅಷ್ಟೇ.

ಭಾವ ಒಂದು ಗುಟುಕು ಕುಡಿದು ನಿಲ್ಲಿಸಿದರು. ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಲೋಟ ಖಾಲಿಯಾಯಿತು.

“ಚೆನ್ನಾಗೈತೆ ಕಣೇ,” ಎಂದರು ಅಕ್ಕನಿಗೆ. “ಇನ್ನೊಂದ್ ಲೋಟ ತಾ.”

ಆ ವಾರವೇ ತರೀಕೆರೆಯ ಸಾರಾಯಿ ಅಂಗಡಿಯಲ್ಲಿ ಅವರನ್ನು ಕಂಡವರಿದ್ದರು. ಮತ್ತೆ ಬುದ್ಧಿ ಹೇಳಲು ಯಾವ ಮುಖ ಇಟ್ಟುಕೊಂಡು ಹೋಗಲಿ? ಮೂರು ವರ್ಷ ಕುಡಿದರು. ಲಿವರ್ ಹೋಯಿತು, ಅವರೂ ಹೋದರು.

“ಯಾವ ಪಾಪಿ ಮತ್ತೆ ಚಟ ಹತ್ತಿಸಿದ್ನೋ ಕಾಣೆ ಕಣ್ರೀ. ಅವರ ಒಳ್ಳೇದು ಬಯಸ್ದೋನು ನನ್ನ ತಮ್ಮ ಒಬ್ನೇ,” ಎಂದು ಎಡೆಗೆ ಬಂದವರಿಗೆಲ್ಲ ಅಕ್ಕ ಹೇಳುತ್ತಿದ್ದಳು. ಆಮೇಲೆ ಫೋಟೋ ಮುಂದಿನ ಲೋಟ ತೆಗೆದು ನನ್ನ ಕೈಗೇ ಕೊಟ್ಟಳು. “ಪ್ರಸಾದ ಕಣೋ, ಕುಡಿ.”

ಕುಡಿದೆ. ಅವಳೆದುರು ಬಾಯಿ ಬಿಡುವ ಧೈರ್ಯ ಆಗಲೂ ಬರಲಿಲ್ಲ. ನಿಜ ಹೇಳಿದರೆ, ಆ ಲೋಟ ತುಂಬಿಸಿದ್ದು ತನ್ನ ಕೈ ಎಂಬುದೂ ಅವಳಿಗೆ ಗೊತ್ತಾಗುತ್ತದೆ. ಆದರೂ ಇವತ್ತು ಬರೆದುಬಿಟ್ಟಿದ್ದೇನೆ.

ಅಕ್ಕ ಈ ಅಂಕಣವನ್ನು ಒಂದು ವಾರವೂ ತಪ್ಪಿಸದೆ ಓದುತ್ತಾಳೆ.